ಸಂತಾನ ಹಾರ್ಮೋನುಗಳು ಮತ್ತು ಅವುಗಳ ಮೈಮೇಲಿನ ಸಕ್ಕರೆ

(ವೇಣೂರಿನಲ್ಲಿ ನೀಡಿದ ದತ್ತಿ ಉಪನ್ಯಾಸದ ಲಿಖಿತ ರೂಪ)



ವೇಣೂರು ಎಂದೊಡನೆ ಹೊರಗಿನವರಿಗೆ ನೆನಪಾಗುವುದು ಫಲ್ಗುಣಿ ನದಿಯ ದಡದಲ್ಲಿ 1604ರಲ್ಲಿ ತಿಮ್ಮಣ್ಣ ಅಜಿಲರು ನಿಲ್ಲಿಸಿದ ಬಾಹುಬಲಿ. ಆದರೆ ಈ ಸೀಮೆಯ ಬಹಳಷ್ಟು ಮನೆಗಳ ದಿನ ಶುರುವಾಗುವುದು ಹಟ್ಟಿಯಲ್ಲಿ, ಆಮೇಲೆ ಹಾಲಿನ ಸೊಸೈಟಿಯ ಮುಂದೆ. ದನ ಸಕಾಲಕ್ಕೆ ಬೆದೆಗೆ ಬಾರದಿದ್ದರೆ, ಬಂದರೂ ಗಬ್ಬ ನಿಲ್ಲದಿದ್ದರೆ, ಆ ಮನೆಯ ಲೆಕ್ಕಾಚಾರವೇ ಏರುಪೇರಾಗುತ್ತದೆ. ಆಗ ಪಶುವೈದ್ಯರು ಕೆಲವೊಮ್ಮೆ ಒಂದು ಪುಟ್ಟ ಸೀಸೆಯ ಹಾರ್ಮೋನು ಚುಚ್ಚುತ್ತಾರೆ. ಅದೇ ಹಾರ್ಮೋನು, ಅಥವಾ ಅದರ ಹತ್ತಿರದ ಬಂಧು, ಮಕ್ಕಳಾಗದ ದಂಪತಿಗಳಿಗೆ ಚಿಕಿತ್ಸೆ ನೀಡುವ ನಗರದ ಆಸ್ಪತ್ರೆಗಳಲ್ಲೂ ಬಳಕೆಯಲ್ಲಿದೆ. ಆ ಸೀಸೆಯೊಳಗೆ ಇರುವುದು ಏನು ಎಂಬುದೇ ಇಂದಿನ ಉಪನ್ಯಾಸದ ವಿಷಯ.

ವಿಷಯದ ಎಲ್ಲೆಯನ್ನು ಮೊದಲೇ ಹೇಳಿಬಿಡುತ್ತೇನೆ. ಸಂತಾನಕ್ಕೆ ಸಂಬಂಧಪಟ್ಟ ಹಾರ್ಮೋನುಗಳು ಹಲವು. ಈಸ್ಟ್ರೋಜನ್, ಪ್ರೊಜೆಸ್ಟರೋನ್, ಟೆಸ್ಟೋಸ್ಟಿರೋನ್‌ಗಳ ಬಗ್ಗೆ ನಾನು ಮಾತನಾಡುವುದಿಲ್ಲ. ಅವನ್ನು ಉತ್ಪಾದಿಸುವಂತೆ ಅಂಡಾಶಯಕ್ಕೂ ವೃಷಣಕ್ಕೂ ಆಜ್ಞೆ ಕೊಡುವ ಮೇಲಧಿಕಾರಿ ಹಾರ್ಮೋನುಗಳಷ್ಟೇ ನನ್ನ ವಿಷಯ. ಮಿದುಳಿನ ತಳದಲ್ಲಿರುವ ಪಿಟ್ಯುಟರಿ ಗ್ರಂಥಿಯಿಂದ ಬರುವ ಎಫ್‌ಎಸ್‌ಎಚ್ ಮತ್ತು ಎಲ್‌ಎಚ್, ಬಸುರಿಯ ಮಾಸಿನಿಂದ ಬರುವ ಎಚ್‌ಸಿಜಿ, ಗಬ್ಬದ ಕುದುರೆಯ ರಕ್ತದಲ್ಲಿ ಸಿಗುವ ಪಿಎಂಎಸ್‌ಜಿ, ಈ ನಾಲ್ಕು. ನಾಲ್ಕೂ ಪ್ರೋಟೀನುಗಳೇ, ಆದರೆ ಬರಿಯ ಪ್ರೋಟೀನುಗಳಲ್ಲ. ಮ್ಯಾನೋಸ್, ಗ್ಯಾಲಕ್ಟೋಸ್, ಸಿಯಾಲಿಕ್ ಆಮ್ಲ ಮುಂತಾದ ಸಕ್ಕರೆಗಳ ಕವಲೊಡೆದ ಸರಪಳಿಗಳು ಅವುಗಳ ಮೈಗೆ ಅಂಟಿಕೊಂಡಿರುತ್ತವೆ. ಎಚ್‌ಸಿಜಿಯ ತೂಕದಲ್ಲಿ ಸುಮಾರು ಶೇಕಡಾ 30, ಪಿಎಂಎಸ್‌ಜಿಯ ತೂಕದಲ್ಲಿ ಸುಮಾರು ಶೇಕಡಾ 45 ಈ ಸಕ್ಕರೆಯದೇ. ಚಹಾಕ್ಕೆ ಹಾಕುವ ಸಕ್ಕರೆಗಾಗಲಿ ಸಕ್ಕರೆ ಕಾಯಿಲೆಗಾಗಲಿ ಇದರೊಂದಿಗೆ ನೇರ ಸಂಬಂಧವಿಲ್ಲ. ಸಿಹಿ ತಿನ್ನುವುದನ್ನು ಬಿಟ್ಟರೆ ಈ ಸರಪಳಿ ಗಿಡ್ಡವಾಗುತ್ತದೆಯೇ ಎಂದು ಯಾರೂ ಯೋಚಿಸಬೇಕಾಗಿಲ್ಲ.

ನನ್ನ ವಾದ ಇಷ್ಟು. ಹಾರ್ಮೋನು ರಕ್ತದಲ್ಲಿ ಎಷ್ಟು ಹೊತ್ತು ಉಳಿಯಬೇಕು ಮತ್ತು ಜೀವಕೋಶವನ್ನು ಎಷ್ಟು ಬಲವಾಗಿ ಎಬ್ಬಿಸಬೇಕು ಎಂಬ ಎರಡೂ ಸಂಗತಿಗಳಲ್ಲಿ ಸಕ್ಕರೆಯ ಕೈವಾಡವಿದೆ. ಈ ಸಕ್ಕರೆಯ ಜೋಡಣೆಯಾದರೋ ಹಾರ್ಮೋನಿನ ಜೀನಿನಲ್ಲಿ ಬರೆದಿಲ್ಲ. ಅದನ್ನು ಯಾವ ಜೀವಕೋಶ ತಯಾರಿಸಿತೋ ಆ ಜೀವಕೋಶದ ಕಿಣ್ವಗಳು ಅದನ್ನು ತೀರ್ಮಾನಿಸುತ್ತವೆ. ಹಾಗಾಗಿ ಒಂದೇ ಹೆಸರಿನ, ಒಂದೇ ಯೂನಿಟ್ ಸಂಖ್ಯೆಯ ಎರಡು ಸೀಸೆಗಳು ಒಂದೇ ಔಷಧವೆಂದು ಭಾವಿಸುವುದು ತಪ್ಪು.

ವಾದಕ್ಕೆ ಇಳಿಯುವ ಮೊದಲು ರಚನೆಯ ಬಗ್ಗೆ ನಾಲ್ಕು ಮಾತು. ಈ ಹಾರ್ಮೋನುಗಳಲ್ಲಿ ಪ್ರತಿಯೊಂದಕ್ಕೂ ಎರಡು ತುಂಡುಗಳಿವೆ, ಆಲ್ಫಾ ಮತ್ತು ಬೀಟಾ. ಒಂದು ಪ್ರಾಣಿಯಲ್ಲಿ ಆಲ್ಫಾ ಎಲ್ಲ ಹಾರ್ಮೋನುಗಳಿಗೂ ಒಂದೇ. ಮನುಷ್ಯರಲ್ಲಿ ಅದು 92 ಅಮೈನೋ ಆಮ್ಲಗಳ ಸರಪಳಿ, 52 ಮತ್ತು 78ನೆಯ ಸ್ಥಾನಗಳಲ್ಲಿ ಸಕ್ಕರೆ ಹೊತ್ತಿದೆ. ಬೇರೆ ಬೇರೆ ಇರುವುದು ಬೀಟಾ. ಎಫ್‌ಎಸ್‌ಎಚ್‌ನ ಬೀಟಾಕ್ಕೆ 7 ಮತ್ತು 24ನೆಯ ಸ್ಥಾನಗಳಲ್ಲಿ ಎರಡು ಸಕ್ಕರೆ ಸರಪಳಿ, ಎಲ್‌ಎಚ್‌ನ ಬೀಟಾಕ್ಕೆ ಒಂದೇ. ಎಚ್‌ಸಿಜಿಯ ಬೀಟಾ ಎಲ್‌ಎಚ್‌ನದನ್ನೇ ಹೋಲುತ್ತದೆ, ಆದರೆ ಅದಕ್ಕೊಂದು ಉದ್ದನೆಯ ಬಾಲವಿದೆ. ಬಾಲದ ಮೇಲೆ ಇನ್ನೂ ನಾಲ್ಕು ಸಕ್ಕರೆ ತುಣುಕುಗಳು. ಎಲ್‌ಎಚ್ ಮತ್ತು ಎಚ್‌ಸಿಜಿ ಎರಡೂ ಅಂಡಾಶಯದ ಒಂದೇ ಗ್ರಾಹಕಕ್ಕೆ ಹೋಗಿ ಕೂರುತ್ತವೆ ಎಂಬುದನ್ನು ನೆನಪಿಡಿ, ಮುಂದೆ ಬೇಕಾಗುತ್ತದೆ.

ಈಗ ಮೊದಲ ಸಂಗತಿಗೆ, ಅಂದರೆ ಆಯುಷ್ಯಕ್ಕೆ ಬರೋಣ. ಅಮೆರಿಕದ ಗಿಲ್ಬರ್ಟ್ ಆಶ್ವೆಲ್ ಮತ್ತು ಅನಟೋಲ್ ಮೊರೆಲ್ ರಕ್ತದ ಪ್ರೋಟೀನುಗಳ ಮೇಲೆ ಕೆಲಸ ಮಾಡುತ್ತಿದ್ದಾಗ, ಸಕ್ಕರೆ ಸರಪಳಿಯ ತುದಿಯ ಸಿಯಾಲಿಕ್ ಆಮ್ಲವನ್ನು ಮಾತ್ರ ಕತ್ತರಿಸಿ ತೆಗೆದರೆ ಪ್ರೋಟೀನು ನಿಮಿಷಗಳಲ್ಲೇ ರಕ್ತದಿಂದ ಮಾಯವಾಗಿ ಪಿತ್ತಜನಕಾಂಗ ಸೇರುವುದನ್ನು ಕಂಡರು. ತುದಿ ಹೋದಾಗ ಅದರ ಕೆಳಗಿನ ಗ್ಯಾಲಕ್ಟೋಸ್ ಹೊರಗೆ ಕಾಣಿಸುತ್ತದೆ. ಪಿತ್ತಜನಕಾಂಗದ ಗ್ರಾಹಕವೊಂದು ಅದನ್ನು ಗುರುತಿಸಿ ಒಳಗೆಳೆದುಕೊಳ್ಳುತ್ತದೆ. 1971ರ ಅವರ ಪ್ರಬಂಧದಲ್ಲಿ ಎಚ್‌ಸಿಜಿ ಮತ್ತು ಎಫ್‌ಎಸ್‌ಎಚ್ ಕೂಡ ಪರೀಕ್ಷೆಗೆ ಒಳಗಾಗಿದ್ದವು. ಸಿಯಾಲಿಕ್ ಆಮ್ಲ ಕಳೆದುಕೊಂಡ ಎಚ್‌ಸಿಜಿಯನ್ನು ಪ್ರಯೋಗನಾಳದಲ್ಲಿ ಜೀವಕೋಶಗಳ ಮೇಲೆ ಹಾಕಿದರೆ ಅದು ಚೆನ್ನಾಗಿಯೇ ಕೆಲಸ ಮಾಡುತ್ತದೆ. ಅದನ್ನೇ ಪ್ರಾಣಿಗೆ ಚುಚ್ಚಿದರೆ ಪರಿಣಾಮ ಬಹುಪಾಲು ನಷ್ಟ. ಗುರಿ ತಲುಪುವ ಮೊದಲೇ ಅದು ಯಕೃತ್ತಿನ ಪಾಲು.

ಎಲ್‌ಎಚ್ ಮತ್ತು ಎಚ್‌ಸಿಜಿ ಒಂದೇ ಗ್ರಾಹಕದ ಮೇಲೆ ಕೆಲಸ ಮಾಡಿದರೂ ಅವುಗಳ ಸ್ವಭಾವ ಬೇರೆಯಾಗುವುದು ಇಲ್ಲಿಯೇ. ಎಲ್‌ಎಚ್‌ನ ಹಲವು ಸರಪಳಿಗಳ ತುದಿಯಲ್ಲಿ ಸಿಯಾಲಿಕ್ ಆಮ್ಲದ ಬದಲಿಗೆ ಸಲ್ಫೇಟ್ ಹೊತ್ತ ಒಂದು ಸಕ್ಕರೆ ಇದೆ. ಸೇಂಟ್ ಲೂಯಿಸ್‌ನ ಜಾಕ್ ಬೇನ್ಜಿಗರ್ ಅವರ ತಂಡ ತೋರಿಸಿದ ಹಾಗೆ ಯಕೃತ್ತಿನಲ್ಲಿ ಈ ಸಲ್ಫೇಟ್ ತುದಿಯನ್ನೇ ಹುಡುಕಿ ಹಿಡಿಯುವ ಮತ್ತೊಂದು ಗ್ರಾಹಕವಿದೆ. ಎಲ್‌ಎಚ್‌ನಲ್ಲಿ ಅರ್ಧ ಭಾಗ ಒಂದು ಗಂಟೆಯೊಳಗೇ ರಕ್ತದಿಂದ ಹೋಗುತ್ತದೆ. ಎಚ್‌ಸಿಜಿಯ ಅರ್ಧ ಭಾಗ ಹೋಗಲು ಒಂದು ದಿನಕ್ಕಿಂತ ಹೆಚ್ಚು ಬೇಕು. ಎಲ್‌ಎಚ್ ಹೀಗೆ ಬೇಗ ಹೋಗುವುದು ನಿಸರ್ಗದ ಸೋರಿಕೆಯಲ್ಲ, ಅಗತ್ಯ. ಪಿಟ್ಯುಟರಿ ಎಲ್‌ಎಚ್ ಅನ್ನು ಸಮನಾಗಿ ಸುರಿಸುವುದಿಲ್ಲ. ಒಂದೋ ಒಂದೂವರೆಯೋ ಗಂಟೆಗೊಮ್ಮೆ ಮಿಡಿತದಂತೆ ಬಿಡುತ್ತದೆ, ಮತ್ತು ಅಂಡಾಶಯ ಆ ಮಿಡಿತದ ಲಯವನ್ನು ಗಮನಿಸುತ್ತದೆ. ಹಿಂದಿನ ಮಿಡಿತದ ಎಲ್‌ಎಚ್ ಹೋಗದೆ ಉಳಿದರೆ ಲಯವೇ ಅಳಿಸಿಹೋಗುತ್ತದೆ. ಬಸುರಿನ ಮೊದಲ ವಾರಗಳಲ್ಲಿ ಮಾತ್ರ ಬೇಕಾಗುವುದು ನಿಲ್ಲದ ಆಸರೆ, ಆದ್ದರಿಂದ ಅಲ್ಲಿ ದೀರ್ಘಾಯುಷಿ ಎಚ್‌ಸಿಜಿ.

ಇದನ್ನು ಕೇಳಿ, ಇದೆಲ್ಲ ಕಾಕತಾಳೀಯವಿರಬಹುದಲ್ಲ, ಸಲ್ಫೇಟ್ ತೆಗೆದರೆ ನಿಜವಾಗಿ ಏನಾದರೂ ಆಗುತ್ತದೆಯೇ ಎಂದು ನೀವು ಕೇಳಬಹುದು. ಸರಿಯಾದ ಪ್ರಶ್ನೆ. 2008ರಲ್ಲಿ ಬೇನ್ಜಿಗರ್ ತಂಡ ಆ ಸಲ್ಫೇಟನ್ನು ಅಂಟಿಸುವ ಕಿಣ್ವವೇ ಇಲ್ಲದ ಇಲಿಗಳನ್ನು ಬೆಳೆಸಿ ನೋಡಿತು. ಎಲ್‌ಎಚ್‌ನ ಅಮೈನೋ ಆಮ್ಲಗಳಲ್ಲಿ ಒಂದೂ ಬದಲಾಗಿರಲಿಲ್ಲ. ಆದರೂ ಆ ಇಲಿಗಳ ರಕ್ತದಲ್ಲಿ ಎಲ್‌ಎಚ್ ಏರಿತ್ತು, ಗಂಡಿನಲ್ಲಿ ಟೆಸ್ಟೋಸ್ಟಿರೋನ್ ಏರಿತ್ತು, ಗಂಡೂ ಹೆಣ್ಣೂ ಅವಧಿಗೆ ಮೊದಲೇ ಪ್ರಾಯಕ್ಕೆ ಬಂದವು. ಒಂದು ಸಕ್ಕರೆಯ ತುದಿ ಬದಲಾದದ್ದಕ್ಕೆ ಇಡೀ ಪ್ರಾಣಿಯ ಹರೆಯದ ಕಾಲ ಬದಲಾಯಿತು.

ಇದಕ್ಕಿಂತಲೂ ಬೆರಗಿನ ಉದಾಹರಣೆ ಕುದುರೆಯದು. ಹಟ್ಟಿಗೆ ಸಂಬಂಧಪಟ್ಟದ್ದಾದ್ದರಿಂದ ಸ್ವಲ್ಪ ನಿಧಾನಿಸುತ್ತೇನೆ. ಕುದುರೆಗೆ ಗಬ್ಬ ನಿಂತು ಸುಮಾರು 40 ದಿನವಾದಾಗ ಗರ್ಭಕೋಶದ ಒಳಗೋಡೆಯಲ್ಲಿ ಬಟ್ಟಲಿನಂಥ ಗಂಟುಗಳು ಮೂಡಿ ಪಿಎಂಎಸ್‌ಜಿಯನ್ನು ರಕ್ತಕ್ಕೆ ಬಿಡುತ್ತವೆ. ಕುದುರೆಯ ಪಿಟ್ಯುಟರಿಯಿಂದ ಬರುವ ಎಲ್‌ಎಚ್‌ನ ಬೀಟಾ ತುಂಡು ಮತ್ತು ಪಿಎಂಎಸ್‌ಜಿಯ ಬೀಟಾ ತುಂಡು ಒಂದೇ ಜೀನಿನಿಂದ ಬರುತ್ತವೆ: ಅವೇ 149 ಅಮೈನೋ ಆಮ್ಲಗಳು, ಅದೇ ಕ್ರಮ. ಪ್ರೋಟೀನನ್ನಷ್ಟೇ ಓದುವವನಿಗೆ ಇವೆರಡೂ ಒಂದೇ ಹಾರ್ಮೋನು. ವ್ಯತ್ಯಾಸವಿರುವುದು ಸಕ್ಕರೆಯಲ್ಲಿ. ಪಿಟ್ಯುಟರಿ ಸಲ್ಫೇಟ್ ತುದಿ ಕೊಡುತ್ತದೆ. ಆ ಗಂಟುಗಳು ಉದ್ದುದ್ದ ಸರಪಳಿ ಕಟ್ಟಿ ತುದಿಗೆ ಸಿಯಾಲಿಕ್ ಆಮ್ಲ ಇಡುತ್ತವೆ. ಒಂದರ ಆಯುಷ್ಯ ಗಂಟೆಗಳ ಲೆಕ್ಕ, ಇನ್ನೊಂದರದು ದಿನಗಳ ಲೆಕ್ಕ.

ಉತ್ತಮ ತಳಿಯ ಹಸುವಿನಿಂದ ಒಂದೇ ಸಲಕ್ಕೆ ಹಲವು ಅಂಡಗಳನ್ನು ಪಡೆದು ಭ್ರೂಣ ವರ್ಗಾವಣೆ ಮಾಡುವವರಿಗೆ ಇದು ದಿನನಿತ್ಯದ ಸಮಸ್ಯೆ. ಪಿಟ್ಯುಟರಿಯಿಂದ ತೆಗೆದ ಎಫ್‌ಎಸ್‌ಎಚ್ ಬಳಸಿದರೆ ದಿನಕ್ಕೆರಡು ಬಾರಿಯಂತೆ ನಾಲ್ಕೈದು ದಿನ ಚುಚ್ಚಬೇಕು, ಏಕೆಂದರೆ ಹಸುವಿನ ರಕ್ತದಲ್ಲಿ ಅದರ ಅರ್ಧ ಭಾಗ ಉಳಿಯುವುದು ಐದು ಗಂಟೆಯ ಆಸುಪಾಸು. ಪಿಎಂಎಸ್‌ಜಿ ಆದರೆ ಒಂದೇ ಚುಚ್ಚುಮದ್ದು ಸಾಕು. ಕೇಳಲು ಅನುಕೂಲವೇ. ಆದರೆ ಆ ಒಂದು ಚುಚ್ಚುಮದ್ದು ಹತ್ತು ದಿನಗಳವರೆಗೂ ರಕ್ತದಲ್ಲಿ ಸುಳಿದಾಡುತ್ತದೆ. ಅಂಡ ಬಿಡುಗಡೆಯಾದ ಮೇಲೂ ಅಂಡಾಶಯ ಕೆರಳುತ್ತಲೇ ಇರುತ್ತದೆ, ಬಿಡುಗಡೆಯಾಗದ ದೊಡ್ಡ ಗುಳ್ಳೆಗಳು ಉಳಿದುಕೊಳ್ಳುತ್ತವೆ, ಭ್ರೂಣದ ಗುಣಮಟ್ಟ ಕೆಡುತ್ತದೆ. ಪಿಎಂಎಸ್‌ಜಿ ಕೊಟ್ಟ ಕೆಲವು ದಿನಗಳ ನಂತರ ಅದನ್ನು ತಟಸ್ಥಗೊಳಿಸುವ ಪ್ರತಿಕಾಯವನ್ನೂ ಚುಚ್ಚುವ ಪದ್ಧತಿ ಬಂದದ್ದು ಇದಕ್ಕಾಗಿಯೇ. ಸಕ್ಕರೆ ಕೊಟ್ಟ ಆಯುಷ್ಯವನ್ನು ಕಡಿಮೆ ಮಾಡಲು ಇನ್ನೊಂದು ಸೂಜಿ!

ಮನುಷ್ಯರ ಚಿಕಿತ್ಸೆಯಲ್ಲೂ ಇದೇ ಕತೆ. ಪ್ರನಾಳ ಶಿಶು ಚಿಕಿತ್ಸೆಯಲ್ಲಿ ಅಂಡಗಳನ್ನು ಕೊನೆಯ ಹಂತಕ್ಕೆ ಪಕ್ವಗೊಳಿಸಲು ಎಲ್‌ಎಚ್‌ಗೆ ಬದಲಾಗಿ ಸಾಮಾನ್ಯವಾಗಿ ಎಚ್‌ಸಿಜಿ ಕೊಡುತ್ತಾರೆ. ದೇಹದ ಸ್ವಂತ ಎಲ್‌ಎಚ್ ಎರಡು ದಿನದ ಉಬ್ಬರ ತೋರಿಸಿ ಇಳಿದುಹೋದರೆ, ಎಚ್‌ಸಿಜಿ ದಿನಗಟ್ಟಲೆ ಅಂಡಾಶಯವನ್ನು ಕುಟ್ಟುತ್ತಲೇ ಇರುತ್ತದೆ. ಅಂಡಾಶಯ ಊದಿ, ಹೊಟ್ಟೆಯಲ್ಲಿ ನೀರು ತುಂಬುವ ಅಪಾಯಕಾರಿ ಸ್ಥಿತಿಯ ಹಿಂದೆ ಈ ದೀರ್ಘಾಯುಷ್ಯದ ಪಾತ್ರ ದೊಡ್ಡದು. ಆ ಅಪಾಯ ಹೆಚ್ಚಿರುವವರಲ್ಲಿ ಅನೇಕ ವೈದ್ಯರು ಇಂದು ಎಚ್‌ಸಿಜಿ ಬಿಟ್ಟು, ಮಹಿಳೆಯ ಸ್ವಂತ ಪಿಟ್ಯುಟರಿಯಿಂದಲೇ ಎಲ್‌ಎಚ್ ಹೊರಡಿಸುವ ಜಿಎನ್‌ಆರ್‌ಎಚ್ ಮಾದರಿಯ ಔಷಧ ಬಳಸುತ್ತಾರೆ.

ಇಲ್ಲಿ ಒಂದು ಆಕ್ಷೇಪ ಏಳುತ್ತದೆ. ಜಿಎನ್‌ಆರ್‌ಎಚ್ ಎಂಬುದು ಹತ್ತು ಅಮೈನೋ ಆಮ್ಲಗಳ ಪುಟ್ಟ ಸರಪಳಿ, ಅದಕ್ಕೆ ಸಕ್ಕರೆಯೇ ಇಲ್ಲ. ದನಗಳನ್ನು ಒಟ್ಟಿಗೆ ಬೆದೆಗೆ ತರಲು ಅದನ್ನು ಬಳಸುತ್ತಾರೆ. ನಮ್ಮ ಕೆರೆಗಳ ಕಾಟ್ಲಾ, ರೋಹು ಮೀನುಗಳ ಮರಿ ಉತ್ಪಾದನೆಯಲ್ಲಿ, ಒಂದು ಕಾಲಕ್ಕೆ ಬೇರೆ ಮೀನಿನ ಪಿಟ್ಯುಟರಿ ಅರೆದು ಚುಚ್ಚುತ್ತಿದ್ದ ಜಾಗದಲ್ಲಿ, ಈಗ ಇಂಥದೇ ಔಷಧ ಬಂದಿದೆ. ಸಕ್ಕರೆಯಿಲ್ಲದೆ ಸಂತಾನ ಸಾಗುತ್ತಿರುವಾಗ ಸಕ್ಕರೆಗೆ ಇಷ್ಟು ಪ್ರಾಮುಖ್ಯ ಏಕೆ? ಉತ್ತರ ಆಕ್ಷೇಪದ ಒಳಗೇ ಇದೆ. ಜಿಎನ್‌ಆರ್‌ಎಚ್ ನೇರವಾಗಿ ಅಂಡಾಶಯವನ್ನು ಮುಟ್ಟುವುದಿಲ್ಲ. ಅದು ಪ್ರಾಣಿಯ ಪಿಟ್ಯುಟರಿಯನ್ನು ತಟ್ಟುತ್ತದೆ. ಪಿಟ್ಯುಟರಿ ತಾನೇ ಸಕ್ಕರೆ ಅಂಟಿಸಿಟ್ಟ ಹಾರ್ಮೋನನ್ನು ಹೊರಗೆ ಬಿಡುತ್ತದೆ. ಈ ಔಷಧ ಸುರಕ್ಷಿತವೆನಿಸಿರುವುದೇ ಆ ಪ್ರಾಣಿಗೆ ಹೊಂದುವ ಸಕ್ಕರೆಯುಳ್ಳ ಹಾರ್ಮೋನು ಹೊರಬರುತ್ತದೆ ಎಂಬ ಕಾರಣಕ್ಕೆ.

ಇನ್ನು ಎರಡನೆಯ ಸಂಗತಿ. ಆಯುಷ್ಯದ ಪ್ರಶ್ನೆ ಬಿಟ್ಟು, ಹಾರ್ಮೋನು ಗ್ರಾಹಕದ ಮೇಲೆ ಕುಳಿತ ನಂತರ ಏನಾಗುತ್ತದೆ ಎಂದು ನೋಡೋಣ. ಈ ಭಾಗದಲ್ಲಿ ಕರ್ನಾಟಕದ ಹೆಸರು ಹೆಮ್ಮೆಯಿಂದ ಹೇಳಬೇಕಾದದ್ದು. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ ಎನ್.ಆರ್. ಮೌದ್ಗಲ್ ಅವರು ಎಫ್‌ಎಸ್‌ಎಚ್, ಎಲ್‌ಎಚ್‌ಗಳ ವಿರುದ್ಧ ಪ್ರತಿಕಾಯಗಳನ್ನು ಬೆಳೆಸಿ, ಒಂದೊಂದು ಹಾರ್ಮೋನನ್ನು ಪ್ರತ್ಯೇಕವಾಗಿ ತಡೆದರೆ ಏನಾಗುತ್ತದೆಂದು ಮಂಗಗಳಲ್ಲಿಯೂ ಪರೀಕ್ಷಿಸುವ ದೊಡ್ಡ ಪರಂಪರೆಯನ್ನೇ ಕಟ್ಟಿದರು. ಆ ಪ್ರಯೋಗಾಲಯದಲ್ಲಿ ಪಳಗಿದ ಎಂ.ಆರ್. ಸಾಯಿರಾಮ್ ಮುಂದೆ ಅಮೆರಿಕದಲ್ಲಿ ಸಿ.ಎಚ್. ಲೀ ಅವರ ತಂಡದೊಂದಿಗೆ ಕುರಿಯ ಎಲ್‌ಎಚ್‌ನ ಅಮೈನೋ ಆಮ್ಲಗಳ ಕ್ರಮ ಬಿಡಿಸುವುದರಲ್ಲಿ ಪಾಲುಗೊಂಡು, ಬಳಿಕ ಕೆನಡಾದ ಮಾಂಟ್ರಿಯಲ್‌ನಲ್ಲಿ ನೆಲೆಸಿದರು. ಹೈಡ್ರೋಜನ್ ಫ್ಲೋರೈಡ್ ಎಂಬ ಅತಿ ತೀಕ್ಷ್ಣ ರಾಸಾಯನಿಕದಿಂದ ಹಾರ್ಮೋನಿನ ಪ್ರೋಟೀನು ಕೆಡದಂತೆ ಸಕ್ಕರೆಯ ಬಹುಭಾಗವನ್ನು ಮಾತ್ರ ಕಳಚುವ ವಿಧಾನವನ್ನು ಅವರು ಎಲ್‌ಎಚ್‌ಗೆ ಅಳವಡಿಸಿದರು. ಫಲಿತಾಂಶ ಯಾರೂ ಊಹಿಸುವಂಥದ್ದಾಗಿರಲಿಲ್ಲ. ಸಕ್ಕರೆ ಕಳಚಿದ ಎಲ್‌ಎಚ್ ಗ್ರಾಹಕಕ್ಕೆ ಮೊದಲಿಗಿಂತಲೂ ಬಿಗಿಯಾಗಿ ಅಂಟಿತು, ಆದರೆ ಜೀವಕೋಶದೊಳಗೆ ಸಂಕೇತ ಏಳಲೇ ಇಲ್ಲ ಎನ್ನುವಷ್ಟು ಮಂಕಾಯಿತು. ಜಾಗ ಹಿಡಿದು ಕುಳಿತು, ಕೆಲಸ ಮಾಡದೆ, ಕೆಲಸ ಮಾಡಬಲ್ಲ ಹಾರ್ಮೋನಿಗೂ ಜಾಗ ಬಿಡದ ಪ್ರತಿರೋಧಕವಾಗಿ ಅದು ಮಾರ್ಪಟ್ಟಿತ್ತು.

ಯಾವ ಸಕ್ಕರೆ ಇದಕ್ಕೆ ಕಾರಣ ಎಂಬುದನ್ನೂ ಅವರು ಬಿಡಿಸಿದರು. ಸಕ್ಕರೆಯುಳ್ಳ ಆಲ್ಫಾಕ್ಕೆ ಸಕ್ಕರೆ ಕಳೆದ ಬೀಟಾ, ಸಕ್ಕರೆ ಕಳೆದ ಆಲ್ಫಾಕ್ಕೆ ಸಕ್ಕರೆಯುಳ್ಳ ಬೀಟಾ, ಹೀಗೆ ಅದಲು ಬದಲಾಗಿ ಜೋಡಿಸಿ ನೋಡಿದಾಗ, ಸಂಕೇತಕ್ಕೆ ಬೇಕಾದದ್ದು ಆಲ್ಫಾದ ಸಕ್ಕರೆ ಎಂದು ತಿಳಿಯಿತು. ಸಾಯಿರಾಮ್ ಮತ್ತು ಜಿ.ಎನ್. ಭಾರ್ಗವಿ ಅವರ ಆ ಪ್ರಬಂಧ 1985ರಲ್ಲಿ ‘ಸೈನ್ಸ್’ ಪತ್ರಿಕೆಯಲ್ಲಿ ಬಂತು. ಕೆಲವು ವರ್ಷಗಳಲ್ಲಿ ಇರ್ವಿಂಗ್ ಬಾಯ್ಮ್ ಅವರ ತಂಡ ಜೀನುಗಳನ್ನು ತಿದ್ದಿ, ಆಲ್ಫಾದ 52ನೆಯ ಸ್ಥಾನದ ಸರಪಳಿಯೇ ಮುಖ್ಯ ಎಂದು ಖಚಿತಪಡಿಸಿತು. ಇಂಥ ಪ್ರತಿರೋಧಕ ಸಂತಾನ ನಿಯಂತ್ರಣಕ್ಕೆ ಒದಗೀತೆಂಬ ಆಸೆಯೂ ಹುಟ್ಟಿತ್ತು. ಅದು ಕೈಗೂಡಲಿಲ್ಲ, ಸಕ್ಕರೆ ಕಳಚಿದ ಹಾರ್ಮೋನು ರಕ್ತದಲ್ಲಿ ಬೇಗ ತೀರಿಹೋಗುತ್ತದೆ ಎಂಬುದೇ ಅದಕ್ಕೊಂದು ಅಡ್ಡಿ.

ಈ ಸಂಗತಿಗೆ ಬಂದ ಆಕ್ಷೇಪ ಹಿಂದಿನದಕ್ಕಿಂತ ಗಟ್ಟಿ, ಅದನ್ನು ಮರೆಮಾಚುವುದು ಸರಿಯಲ್ಲ. 1998ರಲ್ಲಿ ನೆದರ್‌ಲೆಂಡ್ಸ್‌ನ ಸಂಶೋಧಕರು ಎಚ್‌ಸಿಜಿಯ ಆಲ್ಫಾ, ಬೀಟಾಗಳ ನಡುವೆ ಗಂಧಕದ ಹೆಚ್ಚುವರಿ ಬೆಸುಗೆಗಳನ್ನು ಹಾಕಿ, ಆಮೇಲೆ ಆ ಸಕ್ಕರೆಯನ್ನು ಇಲ್ಲವಾಗಿಸಿದರು. ಹಾರ್ಮೋನು ಪೂರ್ತಿ ಕೆಲಸ ಮಾಡಿತು! ಅಂದರೆ ಗ್ರಾಹಕದೊಡನೆ ಮಾತನಾಡುವುದು ಸಕ್ಕರೆಯಲ್ಲ. ಸಕ್ಕರೆ ಎರಡು ತುಂಡುಗಳನ್ನು ಸರಿಯಾದ ಭಂಗಿಯಲ್ಲಿ ಹಿಡಿದಿಡುತ್ತದೆ, ಮಾತನಾಡುವುದು ಆ ಭಂಗಿ. ನಾನು ಈ ಆಕ್ಷೇಪವನ್ನು ಒಪ್ಪುತ್ತೇನೆ, ಆದರೆ ಅದರಿಂದ ಸಕ್ಕರೆಯ ಬೆಲೆ ಕುಸಿಯುತ್ತದೆಂದು ಒಪ್ಪುವುದಿಲ್ಲ. ಗೊನೆ ಹೊತ್ತ ಬಾಳೆಗೆ ಕೋಲಿನ ಆಸರೆ ಕೊಡಬಹುದು, ಹಗ್ಗ ಬಿಗಿದೂ ನಿಲ್ಲಿಸಬಹುದು; ಹಗ್ಗದಿಂದ ನಿಂತಿತೆಂದು ಕೋಲು ಕೊಟ್ಟ ತೋಟದಲ್ಲಿ ಕೋಲನ್ನು ಕಿತ್ತರೆ ಬಾಳೆ ಬೀಳುತ್ತದೆ. ನಿಸರ್ಗ ಈ ಹಾರ್ಮೋನಿಗೆ ಕೊಟ್ಟಿರುವುದು ಸಕ್ಕರೆಯ ಕೋಲು.

ಬೆಂಗಳೂರಿನ ಇನ್ನೊಂದು ಕೆಲಸ ಇದಕ್ಕೆ ಪೂರಕ. ಭಾರತೀಯ ವಿಜ್ಞಾನ ಸಂಸ್ಥೆಯಲ್ಲೇ ರಾಜನ್ ದಿಘೆ ಅವರ ತಂಡ ಪಿಕಿಯಾ ಎಂಬ ಯೀಸ್ಟಿನಲ್ಲಿ ಎಚ್‌ಸಿಜಿಯಂಥ ಹಾರ್ಮೋನುಗಳನ್ನು ದೊಡ್ಡ ಪ್ರಮಾಣದಲ್ಲಿ ತಯಾರಿಸಿತು. ಯೀಸ್ಟಿಗೆ ಸಿಯಾಲಿಕ್ ಆಮ್ಲ ಅಂಟಿಸಲು ಬಾರದು, ಅದು ಮ್ಯಾನೋಸ್ ತುಂಬಿದ ಸರಪಳಿ ಹಾಕುತ್ತದೆ. ಆದರೂ ಹಾರ್ಮೋನು ಗ್ರಾಹಕಕ್ಕೆ ಅಂಟಿ ಜೀವಕೋಶವನ್ನು ಎಬ್ಬಿಸಿತು. ಮಾದರಿ ಬೇರೆಯಾದರೂ ಆಸರೆಯಾಗಿ ಒಂದು ಸರಪಳಿ ಇದ್ದರೆ ಸಂಕೇತ ಏಳುತ್ತದೆ. ರಕ್ತದಲ್ಲಿ ಬಾಳಿಕೆ ಬರಬೇಕಾದರೆ ಮಾತ್ರ ಸರಿಯಾದ ತುದಿ ಬೇಕು. ನಾನು ಹೇಳಿದ ಎರಡು ಸಂಗತಿಗಳು ಬೇರೆ ಬೇರೆ ಎಂಬುದು ಇಲ್ಲಿ ಸ್ಪಷ್ಟವಾಗುತ್ತದೆ.

ಮೂರನೆಯದಾಗಿ ವಯಸ್ಸಿನ ಮಾತು, ಚಿಕ್ಕದಾಗಿ. ಮನುಷ್ಯರ ಎಫ್‌ಎಸ್‌ಎಚ್ ಎಲ್ಲವೂ ಒಂದೇ ಥರ ಇರುವುದಿಲ್ಲ. ಬೀಟಾದ ಎರಡು ಸರಪಳಿಗಳಲ್ಲಿ ಒಂದು ಇಲ್ಲದ ರೂಪವೂ, ಎರಡೂ ಇರುವ ರೂಪವೂ ಜೊತೆಯಾಗಿರುತ್ತವೆ. ಅಮೆರಿಕದ ಜಾರ್ಜ್ ಬೌಸ್‌ಫೀಲ್ಡ್ ಮತ್ತು ಸಂಗಡಿಗರು ಕಂಡ ಹಾಗೆ, ಸಕ್ಕರೆ ಕಡಿಮೆಯಿರುವ ರೂಪ ಗ್ರಾಹಕಕ್ಕೆ ಬೇಗ ಅಂಟುತ್ತದೆ, ಹೆಚ್ಚು ಚುರುಕು. ಎಳೆ ಹರೆಯದ ಮಹಿಳೆಯರ ಪಿಟ್ಯುಟರಿಯಲ್ಲಿ ಈ ಚುರುಕಿನ ರೂಪದ ಪಾಲು ಹೆಚ್ಚು. ಮುಟ್ಟು ನಿಂತವರಲ್ಲಿ ಸಕ್ಕರೆ ತುಂಬಿದ ರೂಪದ ಪಾಲು ಹೆಚ್ಚು. ಇದನ್ನು ಮುಂದಿಟ್ಟುಕೊಂಡು ವಯಸ್ಸಾದಂತೆ ಗರ್ಭಧಾರಣೆ ಕಷ್ಟವಾಗುವುದಕ್ಕೆ ಎಫ್‌ಎಸ್‌ಎಚ್‌ನ ಸಕ್ಕರೆಯೇ ಕಾರಣ ಎಂದು ಹೇಳಿಬಿಡುವುದು ಆತುರ. ಅಂಡಗಳ ಸಂಖ್ಯೆ, ಗುಣ ಕುಂದುವುದು ಮುಖ್ಯ ಕಾರಣ. ಅದರಿಂದ ಈಸ್ಟ್ರೋಜನ್ ಇಳಿದು ಪಿಟ್ಯುಟರಿ ಸಕ್ಕರೆ ಜೋಡಿಸುವ ರೀತಿ ಬದಲಾಗಿರುವ ಸಾಧ್ಯತೆಯೂ ಇದೆ. ಕಾರಣ ಯಾವುದು, ಪರಿಣಾಮ ಯಾವುದು ಎಂಬ ತೀರ್ಪು ಇನ್ನೂ ಬಂದಿಲ್ಲ. ರಕ್ತಪರೀಕ್ಷೆಯ ಚೀಟಿಯಲ್ಲಿ ಎಫ್‌ಎಸ್‌ಎಚ್ ಎಂದು ಅಚ್ಚಾಗುವ ಒಂದು ಸಂಖ್ಯೆ ಹಲವು ರೂಪಗಳ ಮೊತ್ತ ಎಂಬುದಂತೂ ನಿಶ್ಚಿತ.

ಕೊನೆಯದಾಗಿ ಸೀಸೆಯ ಮೇಲಿನ ಯೂನಿಟ್. ಎಫ್‌ಎಸ್‌ಎಚ್‌ನ ಯೂನಿಟನ್ನು ಅಳೆಯುವ ಪದ್ಧತಿಯನ್ನು 1953ರಲ್ಲಿ ಸ್ಟೀಲ್‌ಮನ್ ಮತ್ತು ಪೋಲಿ ರೂಪಿಸಿದರು. ಎಳೆಯ ಹೆಣ್ಣು ಹೆಗ್ಗಣಕ್ಕೆ ಔಷಧ ಚುಚ್ಚಿ, ಅದರ ಅಂಡಾಶಯ ಎಷ್ಟು ತೂಕ ಹೆಚ್ಚಿತೆಂದು ನೋಡುವುದು. ಹೆಗ್ಗಣದ ಯಕೃತ್ತು ಆ ಸಕ್ಕರೆಯನ್ನು ಹೇಗೆ ನೋಡಿಕೊಳ್ಳುತ್ತದೋ ಮನುಷ್ಯನ ಯಕೃತ್ತೂ ಹಾಗೆಯೇ ನೋಡಿಕೊಳ್ಳಬೇಕೆಂದೇನಿಲ್ಲ. ಮನುಷ್ಯರ ಜೀವಕೋಶದಲ್ಲಿ ತಯಾರಿಸಿದ ಫಾಲಿಟ್ರೋಪಿನ್ ಡೆಲ್ಟಾ ಎಂಬ ಎಫ್‌ಎಸ್‌ಎಚ್ ಔಷಧ ಬಂದಾಗ ಇದು ಬಯಲಾಯಿತು. ಅದರ ಅಮೈನೋ ಆಮ್ಲಗಳು ಹ್ಯಾಮ್‌ಸ್ಟರ್ ಎಂಬ ಇಲಿಜಾತಿಯ ಪ್ರಾಣಿಯ ಜೀವಕೋಶದಲ್ಲಿ ತಯಾರಾದ ಎಫ್‌ಎಸ್‌ಎಚ್‌ನವೇ; ಆದರೆ ಸಿಯಾಲಿಕ್ ಆಮ್ಲದ ಜೋಡಣೆ ಬೇರೆ. ಹೆಗ್ಗಣದಲ್ಲಿ ಸಮನಾದ ಯೂನಿಟ್ ತೋರಿಸಿದರೂ ಮಹಿಳೆಯರಲ್ಲಿ ಅದು ನಿಧಾನವಾಗಿ ಹೊರಹೋಗಿ ಹೆಚ್ಚು ಪರಿಣಾಮ ಬೀರಿತು. ಹಾಗಾಗಿ ಅದರ ಪ್ರಮಾಣವನ್ನು ಯೂನಿಟ್ಟಿನಲ್ಲಲ್ಲ, ಮೈಕ್ರೋಗ್ರಾಮಿನಲ್ಲಿ ಬರೆಯುತ್ತಾರೆ. ಬಾಯ್ಮ್ ಅವರ ಕೆಲಸದಿಂದ ಹುಟ್ಟಿದ ಕೋರಿಫಾಲಿಟ್ರೋಪಿನ್ ಇನ್ನೊಂದು ನಿದರ್ಶನ: ಎಫ್‌ಎಸ್‌ಎಚ್‌ಗೆ ಎಚ್‌ಸಿಜಿಯ ಸಕ್ಕರೆಭರಿತ ಬಾಲ ಜೋಡಿಸಿ, ದಿನಾ ಚುಚ್ಚುವ ಔಷಧವನ್ನು ವಾರಕ್ಕೊಂದು ಮಾಡಿದ್ದಾರೆ.

ಇದಕ್ಕೆ ವೈದ್ಯರು ಎತ್ತುವ ಆಕ್ಷೇಪ ನನಗೆ ಗೊತ್ತು. ಮುಟ್ಟು ನಿಂತ ಮಹಿಳೆಯರ ಮೂತ್ರದಿಂದ ತೆಗೆದ ಹಾರ್ಮೋನನ್ನೂ ಪ್ರಯೋಗಾಲಯದಲ್ಲಿ ತಯಾರಿಸಿದ ಎಫ್‌ಎಸ್‌ಎಚ್ ಅನ್ನೂ ಹೋಲಿಸಿದ 42 ಪ್ರಯೋಗಗಳನ್ನು, 9,606 ದಂಪತಿಗಳ ಮಾಹಿತಿಯನ್ನು ಒಟ್ಟುಗೂಡಿಸಿದ 2011ರ ಕೊಕ್ರೇನ್ ವಿಮರ್ಶೆ, ಹುಟ್ಟಿದ ಮಕ್ಕಳ ಪ್ರಮಾಣದಲ್ಲಿ ಹೇಳಿಕೊಳ್ಳುವಂಥ ವ್ಯತ್ಯಾಸ ಕಾಣಲಿಲ್ಲ ಎಂದಿತು. ಸಕ್ಕರೆ ಬೇರೆಯಾದರೂ ಫಲ ಒಂದೇ ಎಂದಾದರೆ ಈ ಚರ್ಚೆಯೆಲ್ಲ ಏಕೆ? ಆದರೆ ಆ ಫಲ ಬರುವುದು ವೈದ್ಯರು ಎರಡು ಮೂರು ದಿನಕ್ಕೊಮ್ಮೆ ಸ್ಕ್ಯಾನ್ ಮಾಡಿ ಪ್ರಮಾಣವನ್ನು ಏರಿಸಿ ಇಳಿಸುವುದರಿಂದ. ಸಕ್ಕರೆಯ ವ್ಯತ್ಯಾಸವನ್ನು ಅವರ ಕಣ್ಣು, ಅವರ ಲೆಕ್ಕ ಸರಿದೂಗಿಸುತ್ತದೆ. ಹಟ್ಟಿಯಲ್ಲಿ ಆ ಸೌಲಭ್ಯ ಎಲ್ಲಿದೆ? ದನಕ್ಕೆ ಚುಚ್ಚಿದ ಮೇಲೆ ಮರುದಿನ ಸ್ಕ್ಯಾನ್ ಹಿಡಿದು ಬರುವವರು ನಮ್ಮ ಹಳ್ಳಿಗಳಲ್ಲಿ ಅಪರೂಪ. ಪಶುವೈದ್ಯರಿಗೆ ಸೀಸೆಯ ಮೇಲಿನ ಬರಹವೇ ಬಹುಪಾಲು ಆಧಾರ. ಆ ಬರಹದಲ್ಲಿ ಯೂನಿಟ್ಟಿನ ಜೊತೆಗೆ ಹಾರ್ಮೋನು ಯಾವ ಪ್ರಾಣಿಯದು, ಯಾವ ಅಂಗದ್ದು ಅಥವಾ ಯಾವ ಜೀವಕೋಶದಲ್ಲಿ ತಯಾರಾದದ್ದು ಎಂಬುದು ಎದ್ದು ಕಾಣಬೇಕು.

ಆದ್ದರಿಂದ ಇಲ್ಲಿರುವ ಹೈನುಗಾರರಲ್ಲಿ ನನ್ನ ವಿನಂತಿ: ನಿಮ್ಮ ದನಕ್ಕೆ ಹಾರ್ಮೋನು ಕೊಡಿಸಿದ ದಿನ ಔಷಧದ ಹೆಸರು, ಮೂಲ, ಪ್ರಮಾಣ ಈ ಮೂರನ್ನೂ ಪುಸ್ತಕದಲ್ಲಿ ಬರೆದಿಡಿ, ಮುಂದಿನ ಬಾರಿ ಬರುವ ವೈದ್ಯರಿಗೆ ತೋರಿಸಿ. ಚಿಕಿತ್ಸೆಯಲ್ಲಿರುವ ದಂಪತಿಗಳಿಗೂ ಅದೇ ಮಾತು: ಅಂಗಡಿಯಲ್ಲಿ ಒಂದು ಕಂಪನಿಯದು ಇಲ್ಲ, ಇನ್ನೊಂದರದು ಇದೆ, ಯೂನಿಟ್ ಅಷ್ಟೇ ಎಂದು ಹೇಳಿದರೆ, ವೈದ್ಯರನ್ನು ಕೇಳದೆ ಅದನ್ನು ತರಬೇಡಿ.